ಕವುಚಿ ಹಾಕಿದ ಲೋಟ

ನನ್ನ ಗಂಡ ಮೀನು ಹಿಡಿಯಲು ಗಯಾನಾ ದೇಶಕ್ಕೆ ಹೋಗುತ್ತೇನೆಂದು ಹೇಳಿದಾಗ ನಾನು ಬಂಗುಡೆ ಕೊಯ್ಯುತ್ತಿದ್ದೆ. ಮನೆಯಲ್ಲಿ ಮೀನಿಗೆ ಬರ ಇರಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಕಾರ್ಕಳದ ನಮ್ಮ ಗೇಟಿನ ಮುಂದೆ ದಿನಾ ಬೆಳಿಗ್ಗೆ ಮೀನಿನ ಟೆಂಪೋ ಬಂದು ಹಾರ್ನ್ ಹೊಡೆಯುತ್ತದೆ, ಪಾತ್ರೆ ಹಿಡಿದುಕೊಂಡು ಹೋದರೆ ಸಾಕು.

"ಅದು ಎಲ್ಲಿ ಉಂಟು?" ಎಂದು ಕೇಳಿದೆ.

"ದಕ್ಷಿಣ ಅಮೆರಿಕದಲ್ಲಿ. ದೊಡ್ಡ ಕಾಡು, ದೊಡ್ಡ ನದಿ. ಮನುಷ್ಯನಿಗಿಂತ ಉದ್ದದ ಮೀನು ಉಂಟು ಮಾರಾಯ್ತಿ. ಅರಪೈಮಾ ಅಂತ ಹೆಸರು."

ನನ್ನ ಕೈ ನಿಂತಿತು. ಮೀನಿನ ಉದ್ದ ಕೇಳಿ ಅಲ್ಲ, ಹೆಸರು ಕೇಳಿ. ಹಿಡಿಯುವ ಮೊದಲೇ ಮೀನಿನ ಹೆಸರೆತ್ತಿದವರನ್ನು ನನ್ನ ತವರಿನಲ್ಲಿ ಆ ದಿನ ದೋಣಿಗೆ ಹತ್ತಿಸುತ್ತಿರಲಿಲ್ಲ.

ತವರು ಕಾಪು. ದೀಪಸ್ತಂಭದಿಂದ ಉತ್ತರಕ್ಕೆ ಹೋದರೆ ಕಡಲಿಗೂ ಹೊಳೆಗೂ ನಡುವೆ ಒಂದು ಮರಳಿನ ಪಟ್ಟಿ ಸಿಗುತ್ತದೆ, ಅದರ ಮೇಲೆ ನಮ್ಮ ಮನೆ. ಎದುರಿನ ಬಾಗಿಲು ತೆರೆದರೆ ಉಪ್ಪು ನೀರು, ಹಿಂದಿನ ಬಾಗಿಲು ತೆರೆದರೆ ಚಪ್ಪೆ ನೀರು. ಅಪ್ಪನದು ನಾಡದೋಣಿ. ಅಪ್ಪ ಹೊರಡುವಾಗ ಎಲ್ಲಿಗೆ, ಯಾವಾಗ ಬರುತ್ತೀರಿ ಎಂದು ಯಾರೂ ಕೇಳುವಂತಿರಲಿಲ್ಲ. ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಪಾತ್ರೆಯದು. ಅಪ್ಪ ನೀರಿನ ಮೇಲಿರುವಷ್ಟು ಹೊತ್ತು ಮನೆಯಲ್ಲಿ ಒಂದು ಪಾತ್ರೆಯನ್ನೂ ಕವುಚಿ ಹಾಕುವಂತಿರಲಿಲ್ಲ. ತೊಳೆದದ್ದನ್ನು ಬಾಯಿ ಮೇಲಾಗಿಯೇ ಇಟ್ಟು ಬಟ್ಟೆಯಿಂದ ಒರೆಸಬೇಕು. ಇಲ್ಲಿ ಪಾತ್ರೆ ಕವುಚಿದರೆ ಅಲ್ಲಿ ದೋಣಿ ಕವುಚುತ್ತದೆ. ಊರಿನ ಎಲ್ಲ ಮನೆಗಳಲ್ಲೂ ಹೀಗಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ, ನಮ್ಮಲ್ಲಿ ಇತ್ತು.

ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ದಿನ ಅಪ್ಪ ಬರಲಿಲ್ಲ. ದೋಣಿ ಸಿಕ್ಕಿತು, ಕವುಚಿಕೊಂಡು. ಅಪ್ಪ ಸಿಗಲಿಲ್ಲ. ದಡದಲ್ಲಿ ಹೆಂಗಸರು ಅಮ್ಮನನ್ನು ಹಿಡಿದುಕೊಂಡಿದ್ದಾಗ ನಾನು ಮನೆಗೆ ಓಡಿ ಅಡುಗೆಮನೆ ನೋಡಿದೆ. ಎಲ್ಲಾದರೂ ಒಂದು ಕವುಚಿದ ಪಾತ್ರೆ ಸಿಕ್ಕಿದರೆ ಕಾರಣವಾದರೂ ಸಿಕ್ಕೀತು ಎಂದು ಓಡಿದ್ದೆ. ಗಂಜಿಯ ಪಾತ್ರೆ, ಚೆಂಬು, ಲೋಟಗಳು, ಮೀನು ತೊಳೆಯುವ ಮಣ್ಣಿನ ಮಡಕೆ, ಎಲ್ಲವೂ ಬಾಯಿ ಮೇಲಾಗಿಯೇ ಕುಳಿತಿದ್ದವು. ಅಮ್ಮ ಒಂದು ಚೂರೂ ತಪ್ಪಿರಲಿಲ್ಲ. ನೀರೆಂದರೆ ನನಗೆ ಹೆದರಿಕೆ ಹುಟ್ಟಿದ್ದು ಅಪ್ಪ ಹೋದದ್ದರಿಂದ ಅಲ್ಲ, ಆ ಅಡುಗೆಮನೆಯನ್ನು ನೋಡಿದ್ದರಿಂದ.

ಕಡಲಿನ ಸದ್ದು ಕೇಳಿಸದ ಊರಿನಲ್ಲಿ ಗಂಡು ಹುಡುಕಿ ಎಂದು ಅಮ್ಮ ಸಂಬಂಧಿಕರಿಗೆಲ್ಲ ಹೇಳಿಟ್ಟಿದ್ದಳು. ಹಾಗೆ ಸಿಕ್ಕಿದವರು ಇವರು. ಕಾರ್ಕಳ ಪೇಟೆಯಲ್ಲಿ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ, ಜೊತೆಗೆ ಬಾವಿಯ ಪಂಪು ರಿಪೇರಿ. ನೀರಿಗೂ ಇವರಿಗೂ ಇದ್ದ ಸಂಬಂಧ ಅಷ್ಟೇ, ಸ್ವಿಚ್ ಹಾಕಿದರೆ ನೀರು ತಾನಾಗಿ ಮೇಲೆ ಬರಬೇಕು. ಮದುವೆಯಾದ ಹೊಸತರಲ್ಲಿ ಮಲ್ಪೆಯಿಂದ ದ್ವೀಪಕ್ಕೆ ಬೋಟಿನಲ್ಲಿ ಕರೆದುಕೊಂಡು ಹೋಗಿದ್ದರು. ಹೋಗುವಾಗ ವಾಂತಿ, ಬರುವಾಗ ವಾಂತಿ. ಈ ಮನುಷ್ಯ ನೀರಿನ ತಂಟೆಗೆ ಹೋಗುವುದಿಲ್ಲ ಎಂದು ನನಗೆ ಆವತ್ತು ಎಷ್ಟು ನೆಮ್ಮದಿಯಾಗಿತ್ತೆಂದರೆ, ಅವರ ಬೆನ್ನು ಸವರುತ್ತಾ ಒಳಗೊಳಗೇ ನಗುತ್ತಿದ್ದೆ.

ಆ ನೆಮ್ಮದಿಗೆ ಕಲ್ಲು ಹಾಕಿದವರು ಇವರ ಶಾಲೆಯ ಗೆಳೆಯ. ಗಲ್ಫಿನಲ್ಲಿ ತುಂಬ ವರ್ಷ ದುಡಿದು ಬಂದು ಮಣಿಪಾಲದಲ್ಲಿ ಮನೆ ಮಾಡಿಕೊಂಡವರು. ರಜೆ ಸಿಕ್ಕಾಗಲೆಲ್ಲ ಅಲ್ಲಿಯ ಕಡಲಿನಲ್ಲಿ ಗಾಳ ಹಾಕಿ ರೂಢಿ, ಈಗ ನದಿಯ ಮೀನಿನ ಹುಚ್ಚು ಹಿಡಿದಿತ್ತು. ಒಬ್ಬರೇ ಹೋಗಲು ಬೇಸರ, ಜೊತೆಗೆ ನಮ್ಮವರು. ಇಬ್ಬರೂ ಭಾನುವಾರ ನಮ್ಮ ಜಗಲಿಯಲ್ಲಿ ಕುಳಿತು ಫೋನಿನಲ್ಲಿ ವೀಡಿಯೊ ನೋಡುವುದು, ನಾನು ಚಹಾ ಕೊಡುವ ನೆಪದಲ್ಲಿ ಹಿಂದಿನಿಂದ ಇಣುಕುವುದು. ಕಂದು ನೀರು, ದಡದಲ್ಲಿ ಮೊಸಳೆ. ನೀರಿನೊಳಗೆ ಹಲ್ಲಿನ ಪಿರಾನಾ. ಮುಟ್ಟಿದರೆ ಕರೆಂಟು ಹೊಡೆಯುವ ಒಂದು ಹಾವಿನಂಥ ಮೀನು.

"ಕರೆಂಟು ನನಗೆ ದಿನಾ ಹೊಡೀತದೆ, ಅದಕ್ಕೆಂತ ಹೆದರುವುದು?" ಎಂದರು ನಮ್ಮವರು.

ಗೆಳೆಯ ನಕ್ಕರು. ಅತ್ತೆಯೂ ನಕ್ಕರು. ನನಗೆ ನಗು ಬರಲಿಲ್ಲ. ಅವರು ಮಾತಾಡುತ್ತಿದ್ದ ರೀತಿಯೇ ನನಗೆ ಸರಿ ಕಾಣುತ್ತಿರಲಿಲ್ಲ. ಯಾವ ನದಿ, ಯಾವ ತಿರುವು, ಎಷ್ಟು ದೊಡ್ಡ ಮೀನು, ಯಾವ ದಿನ ವಾಪಸು, ಎಲ್ಲವನ್ನೂ ತಿಂಗಳುಗಟ್ಟಲೆ ಗಟ್ಟಿಯಾಗಿ ಹೇಳುತ್ತಿದ್ದರು. ನಮ್ಮವರಿಗೆ ಅದು ಏರ್ಪಾಡು. ನನಗೆ ಅದು, ನಾವು ಇಂಥ ದಿನ ಇಂಥ ಕಡೆ ಬರುತ್ತೇವೆ, ಕಾದುಕೊಂಡಿರು ಎಂದು ನೀರಿಗೆ ಹೇಳಿ ಕಳುಹಿಸಿದ ಹಾಗೆ ಕೇಳಿಸುತ್ತಿತ್ತು.

ಗಾಳದ ಕೋಲು ಪಾರ್ಸೆಲಿನಲ್ಲಿ ಬಂತು. ರೀಲು ಬಂತು, ಬಣ್ಣಬಣ್ಣದ ಪ್ಲಾಸ್ಟಿಕ್ ಮೀನುಗಳು ಬಂದವು, ಒಂದೊಂದರ ಹೊಟ್ಟೆಯ ಕೆಳಗೆ ಮೂರು ಮುಳ್ಳಿನ ಗಾಳ. ಸಂಜೆ ಅಂಗಡಿ ಮುಚ್ಚಿ ಬಂದವರು ಅಂಗಳದಲ್ಲಿ ನಿಂತು ಬೀಸುವ ಅಭ್ಯಾಸ ಶುರು ಮಾಡಿದರು. ಮೊದಲ ವಾರ ಸಿಕ್ಕಿದ್ದು ಅತ್ತೆಯ ಒಣ ಹಾಕಿದ ಸೀರೆ, ದಾಸವಾಳದ ಗಿಡ, ಪಕ್ಕದ ಮನೆಯ ಟಿವಿಯ ಡಿಶ್.

"ನನ್ನ ಸೀರೆಯನ್ನೂ ಹಿಡಿದು ಬಿಟ್ಟುಬಿಡ್ತೀಯಾ ಎಂತ?" ಎಂದು ಅತ್ತೆ ಬೈದರು. ನಾವು ಮನೆಯಲ್ಲಿ ಮಾತಾಡುವುದು ತುಳು, ಅತ್ತೆಯ ಬೈಗುಳ ಅದರಲ್ಲಿ ಇನ್ನೂ ಖಾರ.

ಹಿಡಿದು ಬಿಡುವ ವಿಷಯ ಆಗಲೇ ಮನೆಯಲ್ಲಿ ದೊಡ್ಡ ತಮಾಷೆಯಾಗಿತ್ತು. ಆ ಮೀನನ್ನು ಕೊಲ್ಲುವಂತಿಲ್ಲವಂತೆ. ಹಿಡಿದು, ಫೋಟೋ ತೆಗೆದು, ನದಿಗೇ ಬಿಡಬೇಕಂತೆ. ಇದನ್ನು ನಾನು ಕಾಪುವಿಗೆ ಹೋದಾಗ ಅಮ್ಮನಿಗೆ ಹೇಳಿದೆ. ಅಮ್ಮ ಅಣ್ಣನ ಸಂಸಾರದ ಜೊತೆ ಅದೇ ಮನೆಯಲ್ಲಿದ್ದಾಳೆ. ಅಣ್ಣ ಕಡಲಿಗೆ ಇಳಿಯಲಿಲ್ಲ, ಕಟಪಾಡಿ ಜಂಕ್ಷನಿನಲ್ಲಿ ರಿಕ್ಷಾ ಓಡಿಸುತ್ತಾನೆ.

ಅಮ್ಮ, "ಬಿಡುವುದಾದರೆ ಹಿಡಿಯುವುದು ಯಾಕೆ? ಬಿಟ್ಟದ್ದು ಒಳಗೆ ಹೋಗಿ ಉಳಿದವಕ್ಕೆ ಹೇಳುವುದಿಲ್ವಾ?" ಎಂದಳು.

ನಾನು ನಕ್ಕೆ. ಬಸ್ಸಿನಲ್ಲಿ ವಾಪಸು ಬರುವಾಗ ಆ ಮಾತು ನೆನಪಾಗಿ ನಗು ಇಳಿದು ಹೋಯಿತು. ಅಮ್ಮ ತಮಾಷೆಗೆ ಹೇಳಿರಲಿಲ್ಲ.

ನಿಜವಾದ ಹೆದರಿಕೆ ಶುರುವಾದದ್ದು ಗೆಳೆಯ ಇನ್ನೊಂದು ವೀಡಿಯೊ ತೋರಿಸಿದ ಮೇಲೆ. ಅರಪೈಮಾ ಮೀನಿಗೆ ನೀರಿನಲ್ಲಿ ಉಸಿರು ಸಾಲುವುದಿಲ್ಲ, ಆಗಾಗ ಮೇಲೆ ಬಂದು ಗಾಳಿ ಕುಡಿಯಬೇಕು. ಗಾಳದಲ್ಲಿ ಎಳೆದಾಡಿ ದಣಿದ ಮೀನನ್ನು ಹಾಗೇ ಬಿಟ್ಟರೆ ಮುಳುಗಿ ಸಾಯುತ್ತದೆ. ಅದಕ್ಕೇ ಹಿಡಿದವರು ನೀರಿಗೆ ಇಳಿದು, ಎದೆಮಟ್ಟ ನಿಂತು, ಅದು ಚೇತರಿಸಿಕೊಳ್ಳುವವರೆಗೆ ತಬ್ಬಿ ಹಿಡಿದುಕೊಂಡಿರಬೇಕು. ಪರದೆಯಲ್ಲಿ ಒಬ್ಬ ದೊಡ್ಡ ಆಳು ಹಾಗೆ ನಿಂತಿದ್ದ. ಮೀನು ಒಮ್ಮೆ ಬಾಲ ಹೊಡೆಯಿತು, ಆ ಆಳು ಕಾಣಿಸಲೇ ಇಲ್ಲ. ಮತ್ತೆ ಎದ್ದು ಬಂದು ನಗುತ್ತಿದ್ದ. ಅವನು ಎದ್ದು ಬರುವವರೆಗೆ ನಾನು ಉಸಿರು ಬಿಟ್ಟಿರಲಿಲ್ಲ.

"ನೀವು ನೀರಿಗೆ ಇಳಿಯಬೇಕಾ?" ಎಂದೆ.

"ಸೊಂಟದವರೆಗೆ ಮಾತ್ರ."

"ಅವನಿಗೆ ಎದೆಯವರೆಗೆ ಇತ್ತಲ್ಲ?"

"ಅವ ಕುಳ್ಳ," ಎಂದರು ನಮ್ಮವರು. ಅವನು ಕುಳ್ಳನಾಗಿರಲಿಲ್ಲ.

ಈಜು ಕಲಿಯದೆ ಹೋಗಬಾರದು ಎಂದು ನಾನು ಹಟ ಹಿಡಿದೆ. ಹೋಗಬೇಡಿ ಎಂದು ಹೇಳುವ ಧೈರ್ಯ ನನಗಿರಲಿಲ್ಲ. ಹೊರಟವರನ್ನು ತಡೆಯುವುದೂ ನಮ್ಮಲ್ಲಿ ಕೆಟ್ಟದ್ದೇ. ಅವರು ಮಣಿಪಾಲದ ಒಂದು ಈಜುಕೊಳಕ್ಕೆ ಸೇರಿಕೊಂಡರು. ನಾನು ಮಣಿಪಾಲದಲ್ಲೇ ಒಂದು ಹಾಸ್ಟೆಲಿನ ಅಡುಗೆಮನೆ ನೋಡಿಕೊಳ್ಳುವವಳು, ಹಾಗಾಗಿ ಬೆಳಿಗ್ಗೆ ಇಬ್ಬರೂ ಒಟ್ಟಿಗೇ ಹೊರಡುತ್ತಿದ್ದೆವು. ರಬ್ಬರ್ ಟೋಪಿ, ನೀಲಿ ಕನ್ನಡಕ. ಕೆಲವು ವಾರ ಕಳೆದ ಮೇಲೆ ಆ ಗೋಡೆಯಿಂದ ಈ ಗೋಡೆಗೆ ಹೋಗುತ್ತೇನೆ ಎಂದು ಎದೆಯುಬ್ಬಿಸಿ ಹೇಳಿದರು.

"ನದಿಗೆ ಗೋಡೆ ಇರುವುದಿಲ್ಲ," ಎಂದೆ.

ಡಿಸೆಂಬರಿನ ಒಂದು ಭಾನುವಾರ ಅವರನ್ನು ತವರಿನ ಹಿಂದಿನ ಹೊಳೆಗೆ ಕರೆದುಕೊಂಡು ಹೋದೆ. ಸಣ್ಣವಳಿದ್ದಾಗ ಅಪ್ಪ ನನಗೆ ಈಜು ಕಲಿಸಿದ್ದು ಅದೇ ಹೊಳೆಯಲ್ಲಿ. ಅಪ್ಪ ಹೋದ ಮೇಲೆ ನಾನು ಅದಕ್ಕೆ ಪಾದ ಕೂಡ ತಾಗಿಸಿರಲಿಲ್ಲ. ನೀರು ಇಳಿಯುವ ಹೊತ್ತು. ಮೇಲೆ ಕನ್ನಡಿಯ ಹಾಗೆ ಸುಮ್ಮನಿರುತ್ತದೆ, ಕೆಳಗಿನಿಂದ ಕಾಲನ್ನು ಹೊಳೆ ಕಡಲು ಸೇರುವ ಅಳಿವೆಯ ಕಡೆಗೆ ಎಳೆಯುತ್ತದೆ. ಅದನ್ನು ನಾನು ಮೊದಲೇ ಹೇಳಿದ್ದೆ. ಅವರು ತಲೆಯಾಡಿಸಿ ಇಳಿದರು. ಕೆಲವು ಮಾರು ಚೆನ್ನಾಗಿಯೇ ಹೋದರು. ಆಮೇಲೆ ನಿಂತು ನೋಡೋಣ ಎಂದು ಕಾಲು ಕೆಳಗೆ ಬಿಟ್ಟರು. ಕೆಳಗೆ ನೆಲ ಇರಲಿಲ್ಲ.

ಅವರ ತಲೆ ಒಳಗೆ ಹೋಯಿತು. ನಾನು ಕೂಗಲಿಲ್ಲ. ಬಾಯಿ ತೆರೆದರೆ ಏನು ಹೊರಬರುತ್ತದೆಂದು ನನಗೆ ಗೊತ್ತಿತ್ತು, ಅಮ್ಮ ಆ ದಿನ ದಡದಲ್ಲಿ ಕೂಗಿದ್ದು. ಚೂಡಿದಾರದಲ್ಲೇ ನೀರಿಗೆ ಹಾರಿದೆ. ಅವರ ಅಂಗಿ ಕೈಗೆ ಸಿಕ್ಕಿತು, ಅವರು ನನ್ನ ಕತ್ತು ತಬ್ಬಿಕೊಂಡರು, ಇಬ್ಬರೂ ಒಮ್ಮೆ ಒಳಗೆ ಹೋದೆವು. ಕಣ್ಣು ತೆರೆದರೆ ಹಳದಿ ಕತ್ತಲೆ. ಅಪ್ಪ ಕೊನೆಗೆ ನೋಡಿದ್ದು ಇದನ್ನೇ ಇರಬೇಕು ಎಂದುಕೊಂಡದ್ದು ನೆನಪಿದೆ. ಮತ್ತೆ ಕಾಲಿಗೆ ಮರಳು ತಾಗಿತು. ದಡದಲ್ಲಿ ಅವರು ಮಂಡಿಯೂರಿ ಕೆಮ್ಮಿದರು, ನಾನು ಅವರ ಬೆನ್ನಿಗೆ ಎರಡೂ ಕೈಯಿಂದ ಹೊಡೆದೆ. ನೀರು ಹೊರಬರಲಿ ಎಂದು ಹೊಡೆದೆನೋ ಸಿಟ್ಟಿನಿಂದ ಹೊಡೆದೆನೋ ಹೇಳಲಾರೆ.

ಅಮ್ಮ ಹಿಂದಿನ ಬಾಗಿಲಿನಲ್ಲಿ ನಿಂತು ಎಲ್ಲವನ್ನೂ ನೋಡಿದ್ದಳು. ಒಣ ಟವೆಲು ತಂದು ಅಳಿಯನಿಗೆ ಕೊಟ್ಟಳು, ನನಗೂ ಕೊಟ್ಟಳು.

ಇನ್ನು ಹೋಗುವುದಿಲ್ಲ ಎನ್ನುತ್ತಾರೆ ಎಂದು ನಾನು ಕಾದೆ. ಅವರು ಹಾಗೆ ಹೇಳಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಮತ್ತೆ ಈಜುಕೊಳಕ್ಕೆ ಹೋದರು, ಈ ಸಲ ನಿಂತಲ್ಲೇ ತೇಲುವುದನ್ನು ಕಲಿಸಿ ಎಂದು ಕೇಳಿಕೊಂಡರಂತೆ. ತೇಲುವ ಜಾಕೆಟ್ ಖರೀದಿಸಿದರು. ಆದರೆ ಮೀನಿನ ಮಾತು ನಿಂತುಹೋಯಿತು. ಗೆಳೆಯ ವೀಡಿಯೊ ತೆಗೆದರೆ ಇವರು ಸುಮ್ಮನೆ ನೋಡುತ್ತಿದ್ದರು. ಮಾತಾಡುತ್ತಿದ್ದಾಗ ಹೆದರುತ್ತಿದ್ದ ನಾನು, ಮಾತು ನಿಂತ ಮೇಲೆ ಇನ್ನೂ ಹೆಚ್ಚು ಹೆದರಿದೆ. ಕಡಲಿಗೆ ಹೋಗುವ ಗಂಡಸರ ಮೌನ ಅವರಿಗೆ ಬಂದುಬಿಟ್ಟಿತ್ತು.

ಫೆಬ್ರವರಿಯಲ್ಲಿ ಹೊರಟರು. ಅತ್ತೆ ಬಾಗಿಲಲ್ಲಿ, "ಯಾವಾಗ ಮಗಾ ಬರುವುದು?" ಎಂದು ಕೇಳಿಯೇಬಿಟ್ಟರು. ನಾನು ತಲೆ ಎತ್ತಿ ಇವರನ್ನು ನೋಡಿದೆ. ತಿಂಗಳುಗಟ್ಟಲೆ ವಾಪಸು ಬರುವ ದಿನವನ್ನು ಊರಿಗೆಲ್ಲ ಸಾರಿದ್ದ ಮನುಷ್ಯ ನನ್ನ ಮುಖ ನೋಡಿ, "ನೋಡುವಾ ಅಮ್ಮ," ಎಂದಷ್ಟೇ ಹೇಳಿ ಕಾರು ಹತ್ತಿದರು.

ಕಾರು ತಿರುವು ದಾಟಿದ ಕೂಡಲೇ ನಾನು ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಒಂದೊಂದಾಗಿ ಮಗುಚಿ ಬಾಯಿ ಮೇಲೆ ಮಾಡಿದೆ. ಅತ್ತೆಯ ಪದ್ಧತಿ ಬೇರೆ, ತೊಳೆದ ಪಾತ್ರೆಗಳೆಲ್ಲ ಸ್ಟ್ಯಾಂಡಿನಲ್ಲಿ ಕವುಚಿ ನೀರು ಬಸಿಯಬೇಕು. ಅವರು ಬಂದು ನೋಡಿ ಸೊಂಟಕ್ಕೆ ಕೈ ಇಟ್ಟರು.

"ಇದೆಂತ ಹೊಸ ಕ್ರಮ? ಹಲ್ಲಿ ಬೀಳುವುದಿಲ್ವಾ?"

ನಾನು ಕಟ್ಟಳೆ ಹೇಳಿದೆ. ಯಾಕೆಂದು ಹೇಳಿದೆ. ಅಪ್ಪ ಹೋದ ದಿನದ ಅಡುಗೆಮನೆಯ ವಿಷಯ ಮಾತ್ರ ಹೇಳಲಿಲ್ಲ. ಅದನ್ನು ನಾನು ಯಾರಿಗೂ ಹೇಳಿದವಳಲ್ಲ.

"ಅವ ಅಲ್ಲಿ ಭೂಮಿಯ ಆಚೆ ಬದಿಯಲ್ಲಿ ಎಲ್ಲೋ ಇದ್ದಾನೆ, ಅವನ ದೋಣಿಗೆ ನಮ್ಮ ಕುಕ್ಕರು ಕಾಣ್ತದಾ?" ಎಂದು ನಕ್ಕು, ಅತ್ತೆ ಎಲ್ಲವನ್ನೂ ಮತ್ತೆ ಕವುಚಿದರು. ನಾನು ಸಂಜೆ ಬಂದು ಮತ್ತೆ ಮೇಲೆ ಮಾಡಿದೆ. ನಾನು ಬೆಳಿಗ್ಗೆ ಕೆಲಸಕ್ಕೆ ಹೋದರೆ ಅವರು ಕವುಚುವುದು, ನಾನು ಬಂದರೆ ಮಗುಚುವುದು, ಹೀಗೆ ದಿನಗಳು ನಡೆದವು. ಹಾಸ್ಟೆಲಿನಲ್ಲಂತೂ ಸಾಲುಸಾಲು ತಟ್ಟೆ, ಲೋಟ, ಕೊಪ್ಪರಿಗೆ, ಎಲ್ಲವೂ ಕವುಚಿಕೊಂಡೇ ಇರುತ್ತವೆ. ಒಮ್ಮೆ ತಡೆಯಲಾರದೆ ದೊಡ್ಡ ಕೊಪ್ಪರಿಗೆಯೊಂದನ್ನು ಮೇಲೆ ಮಾಡಲು ಹೋದೆ.

ಪಾತ್ರೆ ತೊಳೆಯುವ ಬಾಗಲಕೋಟೆಯ ಹೆಂಗಸು, "ಯಾಕ್ರೀ ಅಕ್ಕಾರ, ಡಬ್ಬ ಹಾಕಲಿಲ್ಲಂದ್ರ ನೀರ್ ಹೆಂಗ ಬಸೀತದ್ರೀ?" ಎಂದು ನನ್ನ ಕೈಯಿಂದ ಕಸಿದುಕೊಂಡಳು. ಅದು ನಮ್ಮ ಮನೆಯ ಪಾತ್ರೆ ಅಲ್ಲವಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ನದಿಯ ಮೇಲಕ್ಕೆ ಹೋದ ಮೇಲೆ ಫೋನು ಸಿಗುವುದಿಲ್ಲ, ಭಾನುವಾರ ಕೆಳಗಿನ ಪೇಟೆಗೆ ಬಂದು ಫೋನು ಮಾಡುತ್ತೇವೆ ಎಂದು ಹೇಳಿದ್ದರು. ಅಲ್ಲಿ ಬೆಳಗಾಗುವಾಗ ನಮಗೆ ಸಂಜೆ. ಆ ಭಾನುವಾರ ಅತ್ತೆಯೂ ನಾನೂ ಮಧ್ಯಾಹ್ನದಿಂದಲೇ ಫೋನನ್ನು ನಡುವೆ ಇಟ್ಟುಕೊಂಡು ಕುಳಿತೆವು. ಸಂಜೆಯಾಯಿತು. ದೀಪ ಹಚ್ಚಿದೆವು. ಊಟದ ಹೊತ್ತಾಯಿತು. ಮಣಿಪಾಲದಲ್ಲಿ ಗೆಳೆಯನ ಹೆಂಡತಿಗೆ ಫೋನು ಮಾಡಿದರೆ ಅವರಿಗೂ ಬಂದಿರಲಿಲ್ಲ. "ನೆಟ್‌ವರ್ಕ್ ಇರಲಿಕ್ಕಿಲ್ಲ ಅಲ್ವಾ?" ಎಂದು ಅವರು ನನ್ನನ್ನೇ ಕೇಳಿದರು. ನನ್ನ ಕಣ್ಣ ಮುಂದೆ ಆ ವೀಡಿಯೊದ ಆಳು ಮತ್ತೆ ಮತ್ತೆ ಮುಳುಗುತ್ತಿದ್ದ. ಈ ಸಲ ಅವನು ಎದ್ದು ಬರುತ್ತಿರಲಿಲ್ಲ.

ಸೋಮವಾರ ನಾನು ಕೆಲಸಕ್ಕೆ ಹೋಗಲಿಲ್ಲ. ಬೆಳಿಗ್ಗೆ ಎದ್ದು ಅಡುಗೆಮನೆಗೆ ಬಂದವಳು ಬಾಗಿಲಲ್ಲೇ ನಿಂತೆ. ಸ್ಟ್ಯಾಂಡಿನಲ್ಲಿ ಪ್ರತಿಯೊಂದು ಪಾತ್ರೆಯೂ ಬಾಯಿ ಮೇಲಾಗಿತ್ತು. ಹಿಂದಿನ ಸಂಜೆ ನಾನು ಅವುಗಳ ಕಡೆ ತಿರುಗಿಯೂ ನೋಡಿರಲಿಲ್ಲ. ಕುಕ್ಕರು, ತಟ್ಟೆಗಳು, ಅತ್ತೆ ಎಲೆ ಅಡಿಕೆ ಜಜ್ಜುವ ಸಣ್ಣ ಕಬ್ಬಿಣದ ಕುಟ್ಟಾಣಿ ಕೂಡ. ಹಲ್ಲಿ ಬೀಳದ ಹಾಗೆ ಎಲ್ಲದರ ಮೇಲೂ ಒಂದು ತೆಳ್ಳನೆಯ ಪಂಚೆ ಹೊದೆಸಿದ್ದರು. ಅತ್ತೆ ನೆಲದ ಮೇಲೆ ಗೋಡೆಗೆ ಒರಗಿ ಕುಳಿತಿದ್ದರು. ಮುಖ ಸಣ್ಣದಾಗಿ ಹೋಗಿತ್ತು. ಇಷ್ಟು ದಿನ ನಕ್ಕವರು ಅವರೇ ಎಂದು ನಂಬುವುದು ಕಷ್ಟವಾಗುವಂತಿತ್ತು.

"ಒಂದು ಕೇಳ್ತೇನೆ," ಎಂದರು. "ನಿನ್ನ ಅಪ್ಪ ಹೋದ ದಿನ, ನಿಮ್ಮ ಮನೆಯಲ್ಲಿ ಯಾರಾದರೂ ಪಾತ್ರೆ ಕವುಚಿ ಹಾಕಿದ್ರಾ?"

ಅವರಿಗೆ ಏನು ಬೇಕಾಗಿತ್ತೆಂದು ನನಗೆ ಗೊತ್ತಿತ್ತು. ಹೈಸ್ಕೂಲಿನ ಹುಡುಗಿಯಾಗಿ ನಾನು ಓಡಿ ಬಂದು ಹುಡುಕಿದ್ದೂ ಅದನ್ನೇ. ಇಲ್ಲ ಎಂದರೆ, ನಮ್ಮ ಕೈಯಲ್ಲಿ ಏನೂ ಇಲ್ಲ, ನಾವು ಏನು ಮಾಡಿದರೂ ಒಂದೇ ಎಂದು ಆ ಮುದುಕಿಗೆ ಹೇಳಿದ ಹಾಗೆ.

"ಹೌದು ಅತ್ತೆ," ಎಂದೆ. "ಒಂದು ಲೋಟ."

ಅತ್ತೆ ದೊಡ್ಡ ಉಸಿರು ಬಿಟ್ಟರು. "ಯಾರು?"

"ಅಮ್ಮ. ಮರೆತು."

"ಪಾಪ," ಎಂದು ಅತ್ತೆ ಎದ್ದರು. ದೇವರ ಕೋಣೆಗೆ ಹೋಗಿ ಅಲ್ಲಿದ್ದ ಪಂಚಪಾತ್ರೆಯನ್ನೂ ನೋಡಿ ಬಂದರು. ಆಮೇಲೆ ಬಚ್ಚಲಿನ ಬಾಲ್ದಿ ನೋಡಿದರು. ಅಂಗಳದಲ್ಲಿ ಬೆಕ್ಕಿಗೆ ಹಾಲು ಹಾಕುವ ಕರಟ ಕವುಚಿಕೊಂಡಿತ್ತು, ಅದನ್ನೂ ಮೇಲೆ ಮಾಡಿದರು. ಅವರ ಕಾಲಿಗೆ ಮತ್ತೆ ಬಲ ಬಂದಿತ್ತು. ಸುಳ್ಳು ಹೇಳಿದ ನಾನು ಅಲ್ಲೇ ನಿಂತು ಫೋನು ನೋಡುತ್ತಿದ್ದೆ.

ಸಂಜೆ ಫೋನು ಬಂತು. ಬೋಟಿನ ಇಂಜಿನ್ ಕೈಕೊಟ್ಟು ಅವರು ಒಂದು ಮರಳ ದಿಣ್ಣೆಯ ಮೇಲೆ ಉಳಿದಿದ್ದರಂತೆ, ಬೇರೆ ಬೋಟು ಬರುವವರೆಗೆ. ಪ್ಲಗ್ ಬಿಚ್ಚಿ ನೋಡಿದವರು ಇವರೇ ಅಂತೆ. ಮೀನು ಸಿಕ್ಕಿತ್ತು. ನೀರಿಗೆ ಇಳಿದು ತಬ್ಬಿ ಹಿಡಿದಿದ್ದರಂತೆ, ಅದು ಅವರ ತೋಳಿನಲ್ಲೇ ಉಸಿರು ತೆಗೆದುಕೊಂಡಿತಂತೆ. ಇನ್ನೂ ಏನೇನೋ ಹೇಳಿದರು, ನನಗೆ ಅಳುವಿನಲ್ಲಿ ಸರಿಯಾಗಿ ಕೇಳಿಸಲಿಲ್ಲ. ಅತ್ತೆ ಫೋನು ತೆಗೆದುಕೊಂಡು, "ತಿಂಡಿ ಆಯ್ತಾ ಮಗಾ?" ಎಂದು ಮಾತ್ರ ಕೇಳಿದರು.

ಫೋನು ಇಟ್ಟ ಮೇಲೆ ನನ್ನ ಕಡೆ ತಿರುಗಿ, "ನೋಡಿದೆಯಾ, ಒಂದು ಲೋಟದಲ್ಲಿ ಎಷ್ಟು ಉಂಟು," ಎಂದರು. "ನಿನ್ನ ಅಮ್ಮ ಆ ದಿನ ಸ್ವಲ್ಪ ಜಾಗ್ರತೆ ಮಾಡಿದ್ದರೆ."

ನಾನು ತಲೆಯಾಡಿಸಿದೆ.

ಅವರು ಸುಖವಾಗಿ ಬಂದು ಮನೆ ಸೇರಿದ ಮೇಲೆ ಇಬ್ಬರೂ ಕಾಪುವಿಗೆ ಹೋದೆವು. ಜಗಲಿಯಲ್ಲಿ ಅವರು ಅಣ್ಣನಿಗೆ ಫೋಟೋ ತೋರಿಸುತ್ತಿದ್ದರು. ನಾನು ಒಳಗೆ ಹೋದೆ. ಅಮ್ಮ ಚಹಾ ಕುಡಿದ ಲೋಟಗಳನ್ನು ತೊಳೆಯುತ್ತಿದ್ದಳು. ಆ ಮನೆಯಿಂದ ಈಗ ಯಾರೂ ಕಡಲಿಗೆ ಹೋಗುವುದಿಲ್ಲ. ಆದರೂ ಅವಳು ಒಂದೊಂದೇ ಲೋಟವನ್ನು ಬಾಯಿ ಮೇಲಾಗಿ ಇಟ್ಟು, ಸೆರಗಿನ ತುದಿಯಿಂದ ಒಳಗೆಲ್ಲ ಒರೆಸಿ, ಅಲುಗಾಡದ ಹಾಗೆ ಗೋಡೆಗೆ ತಾಗಿಸಿ ನಿಲ್ಲಿಸುತ್ತಿದ್ದಳು. ನಾನು ಅವಳ ಪಕ್ಕದಲ್ಲಿ ಕುಳಿತು ಉಳಿದ ಲೋಟಗಳನ್ನು ಒರೆಸಿದೆ. ಅವಳ ಮುಖ ನೋಡಲು ನನ್ನಿಂದಾಗಲಿಲ್ಲ.